ಸೋಲು ಅಗ್ಗವಾಗಿರುವ ಊರು: ನಮ್ಮ ಹುಡುಗರು ಗೇಮ್‌ಗಳಲ್ಲಿ ಹುಡುಕುತ್ತಿರುವುದೇನು?

ಕಳೆದ ತಿಂಗಳು ಅಕ್ಕ ಫೋನ್ ಮಾಡಿದಳು. ದನಿಯಲ್ಲೇ ಗೊತ್ತಾಯ್ತು, ವಿಷಯ ಮಗನದ್ದು ಅಂತ. "ಸೆಕೆಂಡ್ ಪಿಯುಸಿ ಕಣೋ ಅವನು. ರಾತ್ರಿ ಹನ್ನೊಂದಾದ್ರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು 'ಹಿಂದೆ ಬಾ, ಹಿಂದೆ ಬಾ, ಮನೆ ಮೇಲಿದ್ದಾನೆ' ಅಂತ ಕೂಗ್ತಿರ್ತಾನೆ. ನಿಮ್ಮ ಭಾವ ಫೋನ್ ಒಡೆದು ಹಾಕ್ತೀನಿ ಅಂತ ಕೂತಿದ್ದಾರೆ. ನೀನೂ ಹಾಸ್ಟೆಲಲ್ಲಿ ಅದೇ ಕೆಲಸ ಮಾಡಿದವನು ತಾನೆ? ಅದರಲ್ಲಿ ಅಂಥದ್ದೇನಿದೆ ಅಂತ ನೀನಾದ್ರೂ ಹೇಳು."

"ಟೈಂಪಾಸ್ ಅಷ್ಟೇ ಅಕ್ಕ" ಅಂದು ಜಾರಿಕೊಂಡೆ. ಫೋನ್ ಇಟ್ಟ ಮೇಲೆ, ಹೇಳಿದ್ದು ಸುಳ್ಳು ಅನ್ನಿಸಿತು. ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದಿದ ನಾಲ್ಕು ವರ್ಷಗಳಲ್ಲಿ ಸಿಗ್ನಲ್ಸ್ ಪುಸ್ತಕದ ಮುಂದೆ ಕೂತದ್ದಕ್ಕಿಂತ ಹೆಚ್ಚು ಹೊತ್ತು ನಾನು ಕೌಂಟರ್-ಸ್ಟ್ರೈಕ್ ಮುಂದೆ ಕೂತಿದ್ದೇನೆ. ಬರೀ ಹೊತ್ತು ಕಳೆಯೋದೇ ಆಗಿದ್ದರೆ ಕಟ್ಟೆ ಮೇಲೆ ಕೂತರೂ ನಡೆಯುತ್ತಿತ್ತು. ಹಾಗಾಗಿ ಅಕ್ಕನಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಗೇಮ್ ಆಡುವವರು ಗೊತ್ತಿರುವ ಕಡೆ ಓದಿಸಿಕೊಂಡು ಮುಂದೆ ಹೋಗಿ.

ಮೊದಲು ಒಂದು ಸಣ್ಣ ವಿಷಯ. ಸಿನಿಮಾದಲ್ಲಿ ಪ್ರಕಾರ ಅಂದ್ರೆ ಕಥೆಯ ಬಣ್ಣ: ಹಾರರ್, ಲವ್ ಸ್ಟೋರಿ, ಕಾಮಿಡಿ. ಗೇಮ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರಕಾರವನ್ನು ತೀರ್ಮಾನಿಸುವುದು ಆಡುವವನು ಏನು ಮಾಡುತ್ತಾನೆ ಅನ್ನೋದು. ಗುಂಡು ಹೊಡೆದರೆ ಶೂಟರ್, ಕಟ್ಟಿದರೆ ಸಿಮ್ಯುಲೇಷನ್, ಲೆಕ್ಕ ಹಾಕಿ ಸೈನ್ಯ ನಡೆಸಿದರೆ ಸ್ಟ್ರಾಟಜಿ. ಅಂದರೆ ಗೇಮ್‌ನ ಪ್ರಕಾರ ಒಂದು ಕ್ರಿಯಾಪದ. 'ನಿನಗೆ ಯಾವ ಥರದ ಗೇಮ್ ಇಷ್ಟ' ಅಂತ ಕೇಳಿದರೆ 'ನಿನಗೆ ಏನು ಮಾಡೋದಕ್ಕೆ ಇಷ್ಟ' ಅಂತ ಕೇಳಿದ ಹಾಗೆ. ಇನ್ನೂ ಸ್ವಲ್ಪ ಕೆದಕಿದರೆ, 'ನಿನಗೆ ಹೊರಗೆ ಏನು ಮಾಡೋಕೆ ಬಿಡ್ತಿಲ್ಲ' ಅನ್ನುವ ಪ್ರಶ್ನೆಯೂ ಸಿಗುತ್ತೆ.

ಇದಕ್ಕೊಂದು ಸಿದ್ಧಾಂತವೂ ಇದೆ. ಮನೋವಿಜ್ಞಾನಿಗಳಾದ ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 2006ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗೇಮ್‌ಗಳು ಹಿಡಿಸುವುದಕ್ಕೆ ಮೂರು ಹಸಿವುಗಳ ಹೆಸರು ಹೇಳಿದರು: ನನ್ನ ನಿರ್ಧಾರ ನಾನೇ ತಗೋಬೇಕು, ನನ್ನ ಕೈಲಿ ಏನೋ ಆಗುತ್ತೆ ಅನ್ನಿಸಬೇಕು, ಜೊತೆಗೆ ಯಾರಾದರೂ ಇರಬೇಕು. ಹದಿನೇಳರ ಹುಡುಗನ ದಿನಚರಿಯಲ್ಲಿ ಈ ಮೂರರಲ್ಲಿ ಎಷ್ಟು ಸಿಗುತ್ತೆ ಅಂತ ಲೆಕ್ಕ ಹಾಕಿ ನೋಡಿ. ಬೆಳಿಗ್ಗೆ ಟ್ಯೂಷನ್, ಆಮೇಲೆ ಕಾಲೇಜು, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಮಾಕ್ ಟೆಸ್ಟ್. ಕಾಂಬಿನೇಷನ್ ಆಯ್ಕೆ ಮಾಡಿದ್ದು ಅಪ್ಪ.

ನನಗೆ ಈ ಸಿದ್ಧಾಂತಕ್ಕಿಂತ ಇನ್ನೊಂದು ಅಳತೆಗೋಲು ಹೆಚ್ಚು ಉಪಯೋಗಕ್ಕೆ ಬಂದಿದೆ. ಯಾವುದೇ ಗೇಮ್ ನೋಡಿದರೂ ನಾನು ಕೇಳಿಕೊಳ್ಳೋದು, ಇಲ್ಲಿ ಸೋಲಿಗೆ ಎಷ್ಟು ಬೆಲೆ ಅಂತ.

ಕೌಂಟರ್-ಸ್ಟ್ರೈಕ್‌ನಿಂದಲೇ ಶುರು ಮಾಡೋಣ. 2007ರಲ್ಲಿ ನಮ್ಮ ಹಾಸ್ಟೆಲಿನಲ್ಲಿ ಎರಡು ಮಹಡಿಗೆ ಒಂದು ಸ್ವಿಚ್, ಕಾರಿಡಾರಿನ ತುಂಬ ತೋರಣದ ಹಾಗೆ ತೂಗುತ್ತಿದ್ದ ನೀಲಿ ಲ್ಯಾನ್ ಕೇಬಲ್ಲು, ಸೀನಿಯರ್‌ಗಳ ಪೆನ್‌ಡ್ರೈವ್‌ನಿಂದ ಬಂದ 1.6. ಐದು ಮಂದಿ ಈ ಕಡೆ, ಐದು ಮಂದಿ ಆ ಕಡೆ. ಸತ್ತರೆ ಆ ರೌಂಡ್ ಮುಗಿಯೋವರೆಗೆ ಸುಮ್ಮನೆ ನೋಡುತ್ತಾ ಕೂರಬೇಕು. ಶೂಟರ್ ಅಂದರೆ ಬರೀ ಬೆರಳಿನ ವೇಗ ಅಂತ ಹೊರಗಿನವರು ತಿಳಿದಿರುತ್ತಾರೆ. ಆದರೆ ಈ ಆಟದ ಜೀವ ಇರೋದು ಅದರ ದುಡ್ಡಿನ ಲೆಕ್ಕದಲ್ಲಿ.

ಮೊದಲ ರೌಂಡಿಗೆ ಪ್ರತಿಯೊಬ್ಬರ ಕೈಲೂ 800 ಡಾಲರ್. ಅದರಲ್ಲಿ ಎಕೆ-47 ಬರಲ್ಲ, ಅದಕ್ಕೆ 2500 ಬೇಕು. ದೂರದಿಂದ ಒಂದೇ ಗುಂಡಿಗೆ ಮಲಗಿಸುವ ಎಡಬ್ಲ್ಯೂಪಿಗೆ 4750. ರೌಂಡ್ ಗೆದ್ದವರಿಗೆ ದುಡ್ಡು ಬರುತ್ತೆ, ಅದರಿಂದ ಒಳ್ಳೆ ಬಂದೂಕು, ಒಳ್ಳೆ ಬಂದೂಕಿನಿಂದ ಮತ್ತೆ ಗೆಲುವು. ಹೀಗೇ ಬಿಟ್ಟರೆ ಮೊದಲ ರೌಂಡ್ ಗೆದ್ದವರೇ ಕೊನೆಯವರೆಗೂ ಗೆಲ್ಲುತ್ತಾರೆ, ಆಟ ಹತ್ತು ನಿಮಿಷದಲ್ಲಿ ಸತ್ತುಹೋಗುತ್ತೆ. ಅದಕ್ಕೇ ಸೋತವರಿಗೂ ದುಡ್ಡು ಕೊಡುತ್ತಾರೆ. ಒಂದು ರೌಂಡ್ ಸೋತರೆ 1400. ಸತತವಾಗಿ ಎರಡನೆಯದೂ ಸೋತರೆ 1900. ಹೀಗೆ 500ರಂತೆ ಏರಿ 3400ರವರೆಗೂ ಹೋಗುತ್ತೆ. ಹೆಚ್ಚು ಸೋತಷ್ಟೂ ಹೆಚ್ಚು ನೆರವು. ಅದನ್ನು ಕೂಡಿಟ್ಟು, ಒಂದು ರೌಂಡ್ ಪಿಸ್ತೂಲಲ್ಲೇ ಕಳೆದು, ಮುಂದಿನ ರೌಂಡಿಗೆ ಐವರೂ ಒಟ್ಟಿಗೆ ಬಂದೂಕು ಕೊಂಡು ನುಗ್ಗುವ ರೋಮಾಂಚನ ಇದೆಯಲ್ಲ, ಆಡಿದವರಿಗೇ ಗೊತ್ತು.

ಇದನ್ನು ಇಷ್ಟು ವಿವರವಾಗಿ ಹೇಳೋಕೆ ಕಾರಣ ಇದೆ. 2008ರ ಏಪ್ರಿಲ್‌ನಲ್ಲಿ ಕೇಂದ್ರದ ಉನ್ನತ ಶಿಕ್ಷಣ ಸಂಸ್ಥೆಗಳ ಶೇ. 27 ಒಬಿಸಿ ಮೀಸಲಾತಿಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅವತ್ತು ರಾತ್ರಿ ನಮ್ಮ ರೂಮಿನಲ್ಲಿ ಭಾರೀ ಚರ್ಚೆ. ನಮ್ಮ ಟೀಮಿನ ಬೆಸ್ಟ್ ಶೂಟರ್ ಒಬ್ಬ, ಹೆಸರು ಬೇಡ, ಮೆರಿಟ್ ಸತ್ತೇಹೋಯ್ತು ಅಂತ ಒಂದು ಗಂಟೆ ಭಾಷಣ ಬಿಗಿದ. ನಾನೂ ತಲೆಯಾಡಿಸಿದೆ. ಆಮೇಲೆ ಎಲ್ಲರೂ ಆಟಕ್ಕೆ ಕೂತೆವು. ಸತತ ಮೂರು ರೌಂಡ್ ಸೋತು, 2400 ಡಾಲರ್ ಬಂದಾಗ ಅದೇ ಗೆಳೆಯ "ಬಂತು ನೋಡ್ರೋ, ಈಗ ತಗೊಳ್ಳಿ" ಅಂತ ಕುಣಿದ. ಆ ದುಡ್ಡು ಅನ್ಯಾಯ ಅಂತ ನಮ್ಮಲ್ಲಿ ಯಾರೂ ಯಾವತ್ತೂ ಅಂದಿರಲಿಲ್ಲ. ಅದಿಲ್ಲದಿದ್ದರೆ ಆಟವೇ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋದಕ್ಕೆ ನನಗೆ ಇನ್ನೂ ಏಳೆಂಟು ವರ್ಷ ಬೇಕಾಯ್ತು.

ಹೋಲಿಕೆ ಪೂರ್ತಿ ಕೂರಲ್ಲ, ಒಪ್ಪುತ್ತೇನೆ. ಕೌಂಟರ್-ಸ್ಟ್ರೈಕ್‌ನಲ್ಲಿ ಮೊದಲ ರೌಂಡಿಗೆ ಎಲ್ಲರ ಕೈಲೂ ಅದೇ 800. ಹೊರಗೆ, ಯಾರದೋ ಅಜ್ಜ ಗೆದ್ದ ರೌಂಡಿನ ದುಡ್ಡು ಮೊಮ್ಮಗನ ಜೇಬಿನಲ್ಲಿರುತ್ತೆ; ಇನ್ಯಾರದೋ ಅಜ್ಜನನ್ನು ಆಟದ ಅಂಗಳಕ್ಕೇ ಬಿಟ್ಟುಕೊಂಡಿರಲ್ಲ. ಮೀಸಲಾತಿ ಸೋತವನಿಗೆ ಕೊಡುವ ಸಮಾಧಾನ ಬಹುಮಾನವೂ ಅಲ್ಲ. ಆದರೂ ಸಮತೋಲನ ತಾನಾಗಿ ಬರಲ್ಲ, ಯಾರೋ ಕೂತು ಲೆಕ್ಕ ಹಾಕಿ ತರಬೇಕು ಅನ್ನೋದನ್ನು ಗೇಮ್ ಡಿಸೈನರ್‌ಗಳು ನಮ್ಮ ಕ್ಲಾಸಿನ ಮೆರಿಟ್‌ವಾದಿಗಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ಮಾರಿಯೋ ಕಾರ್ಟ್‌ನಲ್ಲಿ ಹಿಂದೆ ಬಿದ್ದವರಿಗೇ ಜೋರಾದ ಅಸ್ತ್ರಗಳು ಸಿಗುವುದೂ ಇದೇ ಲೆಕ್ಕ.

ಆ ಡಿಸೈನರ್‌ಗಳು ಯಾರು ಅನ್ನೋದೂ ಸ್ವಾರಸ್ಯ. ಕೌಂಟರ್-ಸ್ಟ್ರೈಕ್ ಯಾವ ಕಂಪನಿಯ ಯೋಜನೆಯೂ ಆಗಿರಲಿಲ್ಲ. ಮಿನ್ ಲೀ ಮತ್ತು ಜೆಸ್ ಕ್ಲಿಫ್ ಅನ್ನುವ ಇಬ್ಬರು ಕಾಲೇಜು ಹುಡುಗರು 1999ರಲ್ಲಿ, ಹಾಫ್-ಲೈಫ್ ಅನ್ನುವ ಬೇರೊಂದು ಗೇಮನ್ನು ಬಿಚ್ಚಿ ಜೋಡಿಸಿ ಮಾಡಿದ ಮಾಡ್ ಅದು. ಮರುವರ್ಷ ವಾಲ್ವ್ ಕಂಪನಿ ಅದನ್ನು ಕೊಂಡುಕೊಂಡು ಇಬ್ಬರನ್ನೂ ಕೆಲಸಕ್ಕೆ ಸೇರಿಸಿಕೊಂಡಿತು. ಡೋಟಾ ಕೂಡ ಹಾಗೇ, ವಾರ್‌ಕ್ರಾಫ್ಟ್ 3ರ ಮ್ಯಾಪ್ ಎಡಿಟರಿನಲ್ಲಿ ಆಟಗಾರರೇ ಕಟ್ಟಿದ್ದು. ಅದರಿಂದ ಲೀಗ್ ಆಫ್ ಲೆಜೆಂಡ್ಸ್, ಡೋಟಾ 2 ಬಂದವು. ಐದೈದು ಮಂದಿಯ ಎರಡು ತಂಡ ಒಂದು ಅಂಗಳದಲ್ಲಿ ಕಾದಾಡುವ ಇಡೀ ಪ್ರಕಾರವೇ ಹುಟ್ಟಿತು. 2019ರಲ್ಲಿ ಅದೇ ಡೋಟಾ 2ರ ಒಳಗೆ ಚೀನಾದ ಹುಡುಗರ ತಂಡವೊಂದು ಆಟೋ ಚೆಸ್ ಮಾಡಿತು, ಮತ್ತೊಂದು ಪ್ರಕಾರ. ಇವ್ಯಾವುವೂ ಮಾರ್ಕೆಟಿಂಗ್ ವಿಭಾಗದಲ್ಲಿ ಹುಟ್ಟಿದ್ದಲ್ಲ. ಕಂಪನಿಗಳೇನೂ ಇದನ್ನು ಗಮನಿಸದೆ ಕೂತಿಲ್ಲ. ಡೋಟಾ ಕೈಜಾರಿದ ನೋವು ತಿಂದ ಬ್ಲಿಝಾರ್ಡ್, 2020ರಲ್ಲಿ ವಾರ್‌ಕ್ರಾಫ್ಟ್ 3ನ್ನು ಹೊಸದಾಗಿ ಬಿಟ್ಟಾಗ, ಇನ್ನು ಮುಂದೆ ಇದರಲ್ಲಿ ಆಟಗಾರರು ಏನೇ ಕಟ್ಟಿದರೂ ಅದರ ಒಡೆತನ ನಮ್ಮದೇ ಅಂತ ಷರತ್ತು ಹಾಕಿತು. ಉಳುವವನೇ ಭೂಮಿಯ ಒಡೆಯ ಅಂತ ಕೇಳಿ ಬೆಳೆದ ನಮಗೆ ಇದು ಹೊಸ ಜಗಳವೇನೂ ಅಲ್ಲ.

ನಮ್ಮ ಹುಡುಗ ಆಡುವ ಬ್ಯಾಟಲ್ ರಾಯಲ್‌ನದ್ದೂ ಇದೇ ಜಾತಕ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಅನ್ನುವವನು ಆರ್ಮಾ 2 ಅನ್ನುವ ಯುದ್ಧದ ಗೇಮ್‌ನ ಮಾಡ್ ಒಂದರ ಮೇಲೆ ತನ್ನದೊಂದು ಮಾಡ್ ಕಟ್ಟಿದ. ಪ್ರೇರಣೆ 2000ದಲ್ಲಿ ಬಂದ ಜಪಾನಿ ಸಿನಿಮಾ 'ಬ್ಯಾಟಲ್ ರಾಯಲ್'. ಅದರಲ್ಲಿ ಒಂದು ಶಾಲೆಯ ಮಕ್ಕಳನ್ನು ಸರ್ಕಾರವೇ ದ್ವೀಪಕ್ಕೆ ಬಿಟ್ಟು, ಒಬ್ಬರು ಉಳಿಯೋವರೆಗೆ ಬಡಿದಾಡಿ ಅನ್ನುತ್ತೆ. ಕೊರಿಯಾದ ಕಂಪನಿಯೊಂದು ಗ್ರೀನ್‌ನನ್ನು ಕರೆಸಿಕೊಂಡಿತು, 2017ರಲ್ಲಿ ಪಬ್‌ಜಿ ಬಂತು. 2018ರಲ್ಲಿ ಅದು ಮೊಬೈಲಿಗೆ ಇಳಿಯಿತು. ಜಿಯೋ ಬಂದು ಡೇಟಾ ಅಗ್ಗವಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಹತ್ತು ಸಾವಿರದ ಫೋನಿದ್ದರೆ ಸಾಕು, ಗೇಮ್ ಪುಕ್ಕಟೆ. ಲ್ಯಾನ್ ಕೇಬಲ್ಲೂ ಬೇಡ, ಕಂಪ್ಯೂಟರೂ ಬೇಡ. ಇಂಜಿನಿಯರಿಂಗ್ ಹಾಸ್ಟೆಲಿನ ಸೊತ್ತಾಗಿದ್ದದ್ದು ಗ್ಯಾರೇಜ್ ಹುಡುಗನ ಕೈಗೂ, ಪಿಜಿಯಲ್ಲಿರುವ ನರ್ಸಿಂಗ್ ವಿದ್ಯಾರ್ಥಿನಿಯ ಕೈಗೂ ಬಂತು. ಈ ಬದಲಾವಣೆಯನ್ನು ನಾವು ಪತ್ರಕರ್ತರು ಆಗ ಸರಿಯಾಗಿ ಬರೆಯಲೇ ಇಲ್ಲ. 'ಪಬ್‌ಜಿ ಚಟ' ಅಂತ ಹೆಡ್‌ಲೈನ್ ಹಾಕಿ ಕೈತೊಳೆದುಕೊಂಡೆವು.

ಆಟ ಗೊತ್ತಿಲ್ಲದವರಿಗೆ: ನೂರು ಮಂದಿ ಒಂದೇ ವಿಮಾನದಲ್ಲಿ ಬರುತ್ತಾರೆ. ಎಲ್ಲಿ ಬೇಕೋ ಅಲ್ಲಿ ಹಾರಬಹುದು. ಕೆಳಗಿಳಿದಾಗ ಎಲ್ಲರೂ ಬರಿಗೈ. ಮನೆ ಮನೆ ಹೊಕ್ಕು ಬಂದೂಕು, ಹೆಲ್ಮೆಟ್, ಬ್ಯಾಂಡೇಜು ಹುಡುಕಿಕೊಳ್ಳಬೇಕು. ಅಷ್ಟರಲ್ಲಿ ಸುರಕ್ಷಿತ ಜಾಗದ ವೃತ್ತ ಕುಗ್ಗುತ್ತಾ ಬರುತ್ತೆ, ಹೊರಗುಳಿದವರು ಸಾಯುತ್ತಾರೆ. ಕೊನೆಗೆ ಉಳಿಯೋದು ಒಬ್ಬ, ಇಲ್ಲಾ ಒಂದು ತಂಡ.

ಇದರಲ್ಲಿ ಹಿಡಿದಿಡುವುದು ಕೊನೆಯ ಗೆಲುವಲ್ಲ ಅಂತ ನನ್ನ ಅನಿಸಿಕೆ. ಬಹುತೇಕರು ಬಹುತೇಕ ಸಲ ಸೋಲುತ್ತಾರೆ. ಹಿಡಿದಿಡುವುದು ಆ ಮೊದಲ ನಿಮಿಷ, ಎಲ್ಲರೂ ಬರಿಗೈಯಲ್ಲಿ ಇಳಿಯುವ ನಿಮಿಷ. ಇಂಗ್ಲಿಷ್ ಮೀಡಿಯಂ, ಕನ್ನಡ ಮೀಡಿಯಂ ಇಲ್ಲ. ಹಿಂದಿನ ವರ್ಷದ ಅಂಕ ಕೇಳಲ್ಲ. ಅಪ್ಪ ಏನು ಮಾಡ್ತಾರೆ ಅಂತ ಯಾರೂ ವಿಚಾರಿಸಲ್ಲ. (ಒಳ್ಳೆ ಫೋನು, ಒಳ್ಳೆ ನೆಟ್‌ವರ್ಕ್ ಇರುವವನಿಗೆ ಇಲ್ಲೂ ಒಂದು ಕೈ ಹೆಚ್ಚೇ. ದುಡ್ಡು ಕೊಟ್ಟರೆ ಬಟ್ಟೆ, ಬಂದೂಕಿನ ಬಣ್ಣ ಸಿಗುತ್ತೆ. ಆದರೂ.)

ಇದನ್ನೇ ನೀಟ್ ಜೊತೆ ಇಟ್ಟು ನೋಡಿ. 2024ರಲ್ಲಿ 24 ಲಕ್ಷ ದಾಟಿದ ಹುಡುಗ ಹುಡುಗಿಯರು ಹೆಸರು ನೋಂದಾಯಿಸಿದ್ದರು. ದೇಶದ ಎಂಬಿಬಿಎಸ್ ಸೀಟು ಒಂದು ಲಕ್ಷ ಚಿಲ್ಲರೆ. ಅದೂ ಕುಗ್ಗುವ ವೃತ್ತವೇ. ಬರೀ ಲೆಕ್ಕ ಹಿಡಿದರೆ ನೂರರಲ್ಲಿ ಒಬ್ಬ ಗೆಲ್ಲುವ ಪಬ್‌ಜಿಗಿಂತ ನೀಟೇ ಉದಾರಿ. ಆದರೆ ಪಬ್‌ಜಿಯಲ್ಲಿ ಸೋತ ಅರ್ಧ ನಿಮಿಷಕ್ಕೆ ಮತ್ತೆ ವಿಮಾನದಲ್ಲಿರುತ್ತೀರಿ. ನೀಟ್‌ನಲ್ಲಿ ಒಂದು ವರ್ಷ ಹೋಗುತ್ತೆ, ಲಾಂಗ್‌ಟರ್ಮ್ ಕೋಚಿಂಗ್‌ನ ಫೀಸ್ ಹೋಗುತ್ತೆ, ಮದುವೆ ಮನೆಗಳಲ್ಲಿ ತಲೆ ತಗ್ಗಿಸಿ ಓಡಾಡಬೇಕಾಗುತ್ತೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಪಿಯುಸಿಗೆ ಪರೀಕ್ಷೆ 1, 2, 3 ಅಂತ ಮೂರು ಅವಕಾಶ ಕೊಟ್ಟರಲ್ಲ, 'ಶಿಕ್ಷಣದ ಗುಣಮಟ್ಟ ಕುಸಿಯಿತು' ಅಂತ ಕೆಲವರು ಬೈದಿದ್ದನ್ನೂ ಕೇಳಿದ್ದೇನೆ. ನನಗೆ ಅದು ಕೌಂಟರ್-ಸ್ಟ್ರೈಕ್‌ನ 1400 ಡಾಲರ್ ಥರ ಕಾಣುತ್ತೆ.

ಪ್ರಭುತ್ವ ಈ ಆಟವನ್ನು ನೋಡಿದ್ದು ಬೇರೆಯೇ ಕಣ್ಣಿನಿಂದ. 2019ರ ಮಾರ್ಚ್‌ನಲ್ಲಿ ಗುಜರಾತಿನ ರಾಜ್‌ಕೋಟ್ ಪೊಲೀಸರು ಪಬ್‌ಜಿ ಆಡಿದ್ದಕ್ಕೇ ಯುವಕರನ್ನು ಬಂಧಿಸಿದರು. ಗಾಲ್ವಾನ್ ಘರ್ಷಣೆಯ ನಂತರ, 2020ರ ಸೆಪ್ಟೆಂಬರ್ 2ರಂದು, ಕೇಂದ್ರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲೂ ಒಂದು. ಕಾರಣ ದೇಶದ ಸಾರ್ವಭೌಮತೆ, ಡೇಟಾ ಭದ್ರತೆ. ಮರುವರ್ಷ ಬಿಜಿಎಂಐ ಅಂತ ಹೆಸರು ಬದಲಿಸಿಕೊಂಡು ಬಂತು, 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಮಾಯವಾಯ್ತು, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ಡೇಟಾದ ಪ್ರಶ್ನೆ ಸುಳ್ಳಲ್ಲ. ಆದರೆ ಇಷ್ಟೂ ಸಲ ಆಡುವವರನ್ನು ಕೂರಿಸಿಕೊಂಡು 'ನಿಮಗೇನು ಸಿಗುತ್ತೆ ಇದರಲ್ಲಿ' ಅಂತ ಕೇಳಿದ್ದು ನಾನು ಕಂಡಿಲ್ಲ.

ಈಗ ನನ್ನ ಇನ್ನೊಂದು ಪ್ರೀತಿಗೆ ಬರುತ್ತೇನೆ, ಸ್ಟ್ರಾಟಜಿ. ಏಜ್ ಆಫ್ ಎಂಪೈರ್ಸ್, ಸಿವಿಲೈಸೇಷನ್. ಇಲ್ಲಿ ನೀವು ಸೈನಿಕ ಅಲ್ಲ, ಸಾಮ್ರಾಜ್ಯ. ಈ ಗೇಮ್‌ಗಳಲ್ಲಿ ದೊಡ್ಡ ಪಾಲಿಗೆ ಇಂಗ್ಲಿಷಿನಲ್ಲಿ 'ಫೋರ್ ಎಕ್ಸ್' ಅನ್ನುತ್ತಾರೆ. 1993ರಲ್ಲಿ ಅಲನ್ ಎಮ್ರಿಕ್ ಅನ್ನುವ ಲೇಖಕ ಚಲಾವಣೆಗೆ ತಂದ ಮಾತು. ಅದರ ನಾಲ್ಕು ಕ್ರಿಯಾಪದಗಳು ಇವು: ಹುಡುಕು, ಹರಡು, ಹೀರು, ಅಳಿಸು. ಈಸ್ಟ್ ಇಂಡಿಯಾ ಕಂಪನಿಯ ಕಾರ್ಯಸೂಚಿ ಓದಿದ ಹಾಗಿಲ್ಲವೇ? ವಸಾಹತು ಆಗಿದ್ದ ದೇಶದ ಹುಡುಗ ರಾತ್ರಿಯಿಡೀ ಕೂತು ವಸಾಹತು ಮಾಡುವುದರಲ್ಲಿ ಏನೋ ವಿಚಿತ್ರ ಇದೆ, ನಾನಂತೂ ಕೂತಿದ್ದೇನೆ. ಅದರ ಸುಖ ಇರೋದು 'ಇನ್ನೊಂದೇ ಟರ್ನ್' ಅನ್ನೋದರಲ್ಲಿ. ಬಿತ್ತಿದ್ದಕ್ಕೆ ಫಲ ಯಾವಾಗಲೂ ಮುಂದಿನ ಟರ್ನ್‌ನಲ್ಲಿರುತ್ತೆ. ಸೋಲು ಇಲ್ಲಿ ನಿಧಾನ, ಅದು ನೂರು ಟರ್ನ್ ಹಿಂದೆಯೇ ಶುರುವಾಗಿರುತ್ತೆ, ನಮಗೆ ಗೊತ್ತಾಗಿರಲ್ಲ.

ಸಿವಿಲೈಸೇಷನ್ ಅಂದಮೇಲೆ ಅಣುಬಾಂಬ್ ಗಾಂಧಿ ಬರಲೇಬೇಕು. ಕಥೆ ಹೀಗೆ: 1991ರ ಮೊದಲ ಆವೃತ್ತಿಯಲ್ಲಿ ಗಾಂಧಿಯ ಆಕ್ರಮಣಶೀಲತೆ 1 ಇತ್ತಂತೆ. ಪ್ರಜಾಪ್ರಭುತ್ವ ಬಂದಾಗ ಅದರಿಂದ 2 ಕಳೆಯಬೇಕು. ಎಂಟು ಬಿಟ್‌ನ ಸಂಖ್ಯೆ ಸೊನ್ನೆಯಿಂದ ಕೆಳಗೆ ಇಳಿಯಲಾಗದೆ ಸುತ್ತಿಕೊಂಡು 255 ಆಯ್ತಂತೆ, ಅಹಿಂಸಾಮೂರ್ತಿ ಬಾಂಬ್ ಹಾಕೋಕೆ ಶುರು ಮಾಡಿದರಂತೆ. ಮೈಕ್ರೊಪ್ರೊಸೆಸರ್ ಲ್ಯಾಬಿನಲ್ಲಿ ಜೂನಿಯರ್‌ಗಳಿಗೆ ಅಂಡರ್‌ಫ್ಲೋ ವಿವರಿಸುವಾಗ ನಾನು ಹೇಳುತ್ತಿದ್ದದ್ದು ಇದನ್ನೇ. ಆಮೇಲೆ 2020ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಸಿಡ್ ಮೀಯರ್ ಅಂಥ ಬಗ್ ಇರಲೇ ಇಲ್ಲ ಅಂತ ಬರೆದ. ಕಥೆ ಹುಟ್ಟಿದ್ದು ಬಹಳ ಆಮೇಲೆ, ಇಂಟರ್ನೆಟ್ಟಿನಲ್ಲಿ. 2010ರ ಐದನೇ ಆವೃತ್ತಿಯಲ್ಲಂತೂ ಗಾಂಧಿಗೆ ಬಾಂಬಿನ ಹುಚ್ಚನ್ನು ತಮಾಷೆಗಾಗಿ ಬೇಕೆಂದೇ ಸೇರಿಸಿದ್ದರು. ಅಂದರೆ ವಾಟ್ಸ್ಆ್ಯಪ್ ಯೂನಿವರ್ಸಿಟಿಗೆ ನಾನೂ ಒಂದು ಕಾಲದಲ್ಲಿ ಅತಿಥಿ ಉಪನ್ಯಾಸಕ. ಆ ಜೂನಿಯರ್‌ಗಳು ಇದನ್ನು ಓದುತ್ತಿದ್ದರೆ ಕ್ಷಮೆ ಇರಲಿ.

ಏಜ್ ಆಫ್ ಎಂಪೈರ್ಸ್ 2ರಲ್ಲಿ ಬಹುಕಾಲ ನಮಗೆಲ್ಲ ಸೇರಿ 'ಇಂಡಿಯನ್ಸ್' ಅಂತ ಒಂದೇ ನಾಗರಿಕತೆ ಇತ್ತು. 2022ರಲ್ಲಿ ಅದನ್ನು ಒಡೆದು ಹಿಂದೂಸ್ತಾನಿ, ಬಂಗಾಳಿ, ಗುರ್ಜರ, ದ್ರಾವಿಡ ಅಂತ ಮಾಡಿದರು. ಒಂದು ದೇಶ ಒಂದು ಸಂಸ್ಕೃತಿ ಅನ್ನುವವರಿಗಿಂತ ಗೇಮ್ ಕಂಪನಿಗೇ ಹೆಚ್ಚು ತಿಳಿವಳಿಕೆ ಬಂತು ಅಂತ ಖುಷಿಪಟ್ಟೆ. ದ್ರಾವಿಡರನ್ನು ಆಯ್ದುಕೊಂಡು ಕೂತರೆ ಸೈನಿಕರು ಮಾತಾಡೋದು ತಮಿಳು, ಕಥೆ ರಾಜೇಂದ್ರ ಚೋಳನದ್ದು. ಇಮ್ಮಡಿ ಪುಲಕೇಶಿಯ ಅಭಿಮಾನಿಗಳು ಇನ್ನೂ ಕಾಯಬೇಕು.

ಕಟ್ಟುವ ಗೇಮ್‌ಗಳ ಸುಖ ಬೇರೆ. ವಿಲ್ ರೈಟ್ 1984ರಲ್ಲಿ ಹೆಲಿಕಾಪ್ಟರಿನಿಂದ ಬಾಂಬ್ ಹಾಕುವ ಒಂದು ಗೇಮ್ ಮಾಡುತ್ತಿದ್ದ. ಬಾಂಬ್ ಹಾಕುವುದಕ್ಕಿಂತ ಅದಕ್ಕಾಗಿ ದ್ವೀಪ, ರಸ್ತೆ, ಕಟ್ಟಡ ಬಿಡಿಸುವುದೇ ಮಜಾ ಅಂತ ಅವನಿಗೆ ಅನ್ನಿಸಿತು. 1989ರ ಸಿಮ್‌ಸಿಟಿ ಹುಟ್ಟಿದ್ದು ಹಾಗೆ. ಅಲ್ಲಿ ನೀವೇ ಮೇಯರ್. ಬೆಂಗಳೂರಿನವರಿಗೆ ಇದಕ್ಕಿಂತ ದೊಡ್ಡ ಕನಸಿಲ್ಲ: ರಸ್ತೆ ಎಳೆದ ತಕ್ಷಣ ರಸ್ತೆ ಆಗುತ್ತೆ, ಎಳೆದ ಮರುದಿನ ಯಾರೂ ಅಗೆಯಲ್ಲ. 2013ರ ಸಿಮ್‌ಸಿಟಿ ಮಾಡಿದ ಸ್ಟೋನ್ ಲಿಬ್ರಾಂಡೆ ಸಂದರ್ಶನವೊಂದರಲ್ಲಿ ಹೇಳಿದ ಮಾತು ನನಗೆ ತುಂಬಾ ಇಷ್ಟ. ತಂಡದವರು ನಿಜವಾದ ಊರುಗಳ ಪಾರ್ಕಿಂಗ್ ಜಾಗ ಅಳೆದು ನೋಡಿದರಂತೆ. ಅದನ್ನು ಹಾಗೇ ತೋರಿಸಿದರೆ ಗೇಮ್ ತುಂಬ ಬರೀ ಪಾರ್ಕಿಂಗೇ ಆಗುತ್ತೆ ಅಂತ ಗೊತ್ತಾಗಿ, ಪಾರ್ಕಿಂಗ್ ನೆಲದಡಿ ಇದೆ ಅಂತ ಅಂದುಕೊಂಡು ಮುಂದೆ ಹೋದರಂತೆ. ನಮ್ಮ ಬಡಾವಣೆಗಳ ನಕ್ಷೆ ಪಾಸು ಮಾಡುವವರೂ ಅದನ್ನೇ ಅಂದುಕೊಳ್ಳುತ್ತಾರೆ, ಅವರದ್ದು ಗೇಮ್ ಅಲ್ಲ ಅನ್ನೋದಷ್ಟೇ ವ್ಯತ್ಯಾಸ.

ಕೃಷಿ ಗೇಮ್‌ಗಳ ಬಗ್ಗೆ ನನಗೆ ಒಂದು ಮುಜುಗರ ಇದೆ. ಮೊದಲ ಕೆಲಸಕ್ಕೆ ಸೇರಿದಾಗ ಫೇಸ್‌ಬುಕ್ಕಿನಲ್ಲಿ ಫಾರ್ಮ್‌ವಿಲ್ ಆಡುತ್ತಿದ್ದೆ. ಊರಿಗೆ ಹೋದಾಗ ಅಪ್ಪ ಲ್ಯಾಪ್‌ಟಾಪ್ ಬಗ್ಗಿ ನೋಡಿ, "ಏನ್ ಬೆಳೆ ಅದು?" ಅಂದರು. ಸ್ಟ್ರಾಬೆರಿ ಅಂದೆ. "ರೇಟು?" ಹೇಳಿದೆ. "ಅದು ಇಳಿಯಲ್ವಾ?" ಇಳಿಯಲ್ಲ ಅಂದೆ. ಅಪ್ಪ ನಕ್ಕು ಹಿತ್ತಿಲ ಕಡೆ ಹೋದರು. ಆ ವರ್ಷ ನಾವು ಟೊಮೆಟೊ ಕೀಳದೆ ಹೊಲದಲ್ಲೇ ಬಿಟ್ಟಿದ್ದೆವು. ಈ ಪ್ರಕಾರದ ಗುಟ್ಟೆಲ್ಲ ಅಪ್ಪನ ಆ ಪ್ರಶ್ನೆಯಲ್ಲೇ ಇತ್ತು. ಮಳೆ ಕೈಕೊಡಲ್ಲ, ದಲ್ಲಾಳಿ ಇಲ್ಲ, ದುಡಿದಷ್ಟು ಸಿಗುತ್ತೆ; ಸೋಲಿಗೆ ಬೆಲೆಯೇ ಇಲ್ಲ, ತಡವಾಗಿ ಬಂದರೆ ಬೆಳೆ ಒಣಗುತ್ತೆ, ಅಷ್ಟೇ, ಮತ್ತೆ ಬಿತ್ತಿದರಾಯ್ತು. ಎರಿಕ್ ಬರೋನ್ ಒಬ್ಬನೇ ಕೂತು ವರ್ಷಗಟ್ಟಲೆ ಮಾಡಿ 2016ರಲ್ಲಿ ಬಿಟ್ಟ ಸ್ಟಾರ್‌ಡ್ಯೂ ವ್ಯಾಲಿಯೂ ಶುರುವಾಗೋದು ಆಫೀಸಿನ ಕ್ಯೂಬಿಕಲ್ ಬಿಟ್ಟು ಅಜ್ಜನ ಹೊಲಕ್ಕೆ ಹೋಗುವ ಕಥೆಯಿಂದ. ಫಾರ್ಮ್‌ವಿಲ್ ಬಾಗಿಲು ಮುಚ್ಚಿದ್ದು 2020ರ ಡಿಸೆಂಬರ್ 31ರಂದು. ಅವತ್ತು ನಿಜವಾದ ರೈತರು ಬೆಲೆಯ ಖಾತ್ರಿ ಕೇಳುತ್ತಾ ದಿಲ್ಲಿಯ ಗಡಿಯಲ್ಲಿ ಚಳಿಗೆ ಕೂತು ಒಂದು ತಿಂಗಳು ದಾಟಿತ್ತು.

ರೇಸಿಂಗ್, ಕ್ರಿಕೆಟ್, ಫುಟ್‌ಬಾಲ್ ಗೇಮ್‌ಗಳ ಬಗ್ಗೆ ವಿವರಿಸೋಕೆ ಹೆಚ್ಚೇನಿಲ್ಲ, ಹೊರಗೆ ಇಷ್ಟವಾದದ್ದು ಒಳಗೂ ಇಷ್ಟ. ಪಜಲ್ ಥರದವುಗಳಲ್ಲಿ ಒಂದನ್ನು ಮಾತ್ರ ಹೇಳಲೇಬೇಕು. ಲೂಕಸ್ ಪೋಪ್ 2013ರಲ್ಲಿ ಮಾಡಿದ 'ಪೇಪರ್ಸ್, ಪ್ಲೀಸ್'. ನೀವು ಒಂದು ಕಾಲ್ಪನಿಕ ಸರ್ವಾಧಿಕಾರಿ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ಪರೀಕ್ಷಿಸುವ ಗುಮಾಸ್ತ. ಎಷ್ಟು ಜನರನ್ನು ನೋಡಿ ಕಳಿಸಿದಿರೋ ಅಷ್ಟು ಸಂಬಳ. ತಪ್ಪಾದರೆ ದಂಡ. ಮನೆಯಲ್ಲಿ ಮಗ ಕಾಯಿಲೆ, ಒಲೆಗೆ ಸೌದೆ ಇಲ್ಲ. ಪ್ರವೇಶ ಪರವಾನಗಿ ಇಲ್ಲದ ಹೆಂಗಸೊಬ್ಬಳು ಗಂಡ ಆಗಲೇ ಒಳಗೆ ಹೋಗಿದ್ದಾನೆ ಬಿಡಿ ಅಂತ ಕೈಮುಗಿಯುತ್ತಾಳೆ. ಆಡಿದ ಅರ್ಧ ಗಂಟೆಗೆ ನಾನು ಮುಖ ನೋಡುವುದನ್ನೇ ಬಿಟ್ಟು ಬರೀ ಮುದ್ರೆ ನೋಡತೊಡಗಿದ್ದೆ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು ಅಂತ ತಾಲ್ಲೂಕು ಕಚೇರಿಯಲ್ಲಿ ಅಲೆದವರ ಬಗ್ಗೆ ನಾನು ವರದಿ ಬರೆದಿದ್ದೇನೆ. ಕೌಂಟರಿನ ಆ ಕಡೆ ಕೂತವನ ಮನಸ್ಸು ಹೇಗೆ ಕಲ್ಲಾಗುತ್ತೆ ಅಂತ ನನಗೆ ಗೊತ್ತಾಗಿದ್ದು ಈ ಗೇಮ್‌ನಿಂದ.

ಕೊನೆಗೆ ಅಕ್ಕನ ನಿಜವಾದ ಭಯಕ್ಕೆ ಬರಬೇಕು. ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವರ ಬೀದಿಯಲ್ಲೇ ಒಬ್ಬ ಹುಡುಗ ಆನ್‌ಲೈನ್ ರಮ್ಮಿಯಲ್ಲಿ ಸಾಲ ಮಾಡಿಕೊಂಡು ಊರು ಬಿಟ್ಟಿದ್ದಾನೆ. ಅಕ್ಕನಿಗೆ ರಮ್ಮಿಯೂ ಬಿಜಿಎಂಐಯೂ ಒಂದೇ, ಎರಡೂ ಫೋನಿನಲ್ಲಿರುವ ಗೇಮ್. ದುಡ್ಡಿನ ಆ್ಯಪ್‌ಗಳು ಬಯಸಿದ್ದೂ ಅದನ್ನೇ. ಅದೇ ಬಣ್ಣ, ಅದೇ ಲೆವೆಲ್, ಅದೇ ಬೋನಸ್, ಅದೇ ಲೀಡರ್‌ಬೋರ್ಡ್. ಆಟದ ವೇಷ ಪೂರ್ತಿ. ನನ್ನ ಅಳತೆಗೋಲು ಇಟ್ಟರೆ ಮಾತ್ರ ವೇಷ ಕಳಚುತ್ತೆ. ಇಲ್ಲಿ ಸೋಲಿಗೆ ಬೆಲೆ ಸಂಬಳ. ಸತತ ಮೂರು ಸಲ ಸೋತವನಿಗೆ 2400 ಸಿಗಲ್ಲ. ಅವನ ಜೇಬಿನಿಂದ ಇನ್ನಷ್ಟು ಹೊರಡಿಸೋದು ಹೇಗೆ ಅಂತ ಆ್ಯಪ್ ಯೋಚಿಸುತ್ತಿರುತ್ತೆ.

2021ರಲ್ಲಿ ಆಗಿನ ಬಿಜೆಪಿ ಸರ್ಕಾರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಕೌಶಲ್ಯದ ಆಟ, ಅದೃಷ್ಟದ ಆಟ ಅಂತ ಭೇದ ಮಾಡದೆ ಹಣ ಕಟ್ಟಿ ಆಡುವುದನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಎರಡೇ ದಿನದಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆ ಪಾಸು ಮಾಡಿತು. ಈ ಕಾಯ್ದೆಯಲ್ಲಿ ಮೂರು ಪ್ರಕಾರ: ಇ-ಸ್ಪೋರ್ಟ್ಸ್, ಸಾಮಾಜಿಕ ಗೇಮ್, ಹಣದ ಗೇಮ್. ಮೊದಲೆರಡಕ್ಕೆ ಉತ್ತೇಜನ, ಮೂರನೆಯದಕ್ಕೆ ನಿಷೇಧ; ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ, ಆಡುವವರಿಗೆ ಶಿಕ್ಷೆ ಇಲ್ಲ. ಕೂಡಲೇ ಕೋರ್ಟ್ ಮೆಟ್ಟಿಲೇರಿದ ಕಂಪನಿಗಳಲ್ಲಿ ಒಂದು ಬಂದದ್ದು ನಮ್ಮ ಹೈಕೋರ್ಟಿಗೇ. ಚರ್ಚೆಯಿಲ್ಲದೆ ಅವಸರದಲ್ಲಿ ಪಾಸು ಮಾಡಿದ್ದರ ಬಗ್ಗೆ ನನಗೆ ತಕರಾರಿದೆ. ಆದರೆ ಗೆರೆ ಎಳೆದ ಜಾಗದ ಬಗ್ಗೆ ಇಲ್ಲ. ಆಡುವವನನ್ನು ಬಿಟ್ಟು ಆಡಿಸುವವನನ್ನು ಹಿಡಿಯೋದು ರಾಜ್‌ಕೋಟ್‌ಗಿಂತ ಎಷ್ಟೋ ವಾಸಿ. ಇನ್ನೂ ಒಂದು ಉಳಿದಿದೆ: ಒಳಗೇನಿದೆ ಅಂತ ಹೇಳದೆ ದುಡ್ಡಿಗೆ ಮಾರುವ ಲೂಟ್ ಬಾಕ್ಸ್. ಬೆಲ್ಜಿಯಂ 2018ರಲ್ಲೇ ಅದನ್ನು ಜೂಜು ಅಂತ ಕರೆದಿದೆ. ಮಕ್ಕಳ ಗೇಮ್‌ಗಳೊಳಗೆ ಕೂತಿರುವ ಈ ಜೂಜಿನ ಬಗ್ಗೆ ಇಲ್ಲಿ ಜೋರಾಗಿ ಮಾತಾಡುವವರು ಕಡಿಮೆ.

ಇಷ್ಟನ್ನು ಬರೆಯುವ ಮೊದಲು, ಕಳೆದ ಭಾನುವಾರ, ಅಕ್ಕನ ಮನೆಗೆ ಹೋಗಿದ್ದೆ. ಭಾವನಿಗೆ ಗೇಮ್‌ಗೆ ಹೊತ್ತು ನಿಗದಿ ಮಾಡಿ, ಫೋನ್ ಒಡೆಯಬೇಡಿ ಅಂದೆ. ಹುಡುಗನಿಗೆ ಫೋನಿನಲ್ಲಿ ದುಡ್ಡು ಕಟ್ಟುವ ಯಾವುದಿದ್ದರೂ ನನಗೆ ತೋರಿಸು ಅಂದೆ. ತೋರಿಸಿದ, ಇರಲಿಲ್ಲ. ಆಮೇಲೆ "ಮಾಮ, ಒಂದು ಮ್ಯಾಚ್?" ಅಂದ.

ವಿಮಾನದಿಂದ ಹಾರಿದೆವು. ಹಾಸ್ಟೆಲಿನ ಹಳೆ ಹುಲಿ ಅಂದುಕೊಂಡು ಸೀದಾ ಪೊಚಿಂಕಿಯ ನಡುಮಧ್ಯೆ ಇಳಿದೆ. ಒಂದು ಫ್ರೈಯಿಂಗ್ ಪ್ಯಾನ್ ಸಿಕ್ಕಿತು, ಅಷ್ಟರಲ್ಲಿ ಎಲ್ಲಿಂದಲೋ ಗುಂಡು ಬಿತ್ತು. ನೆಲಕ್ಕುರುಳಿದೆ. ಸಾಮರ್ಥ್ಯ, ಸ್ವಾಯತ್ತತೆ ಎರಡೂ ಅಲ್ಲಿಗೆ ಮುಗಿಯಿತು. ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ ಅಕ್ಕ "ಸತ್ನಾ ಇವನು?" ಅಂದಳು. ಹುಡುಗ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲಮ್ಮ, ಇನ್ನೂ ಟೈಮಿದೆ. ಮಾಮ, ತೆವಳ್ಕೊಂಡು ಗೋಡೆ ಹಿಂದಕ್ಕೆ ಬಾ. ಬಂದೆ, ಬಂದೆ, ಎಬ್ಬಿಸ್ತೀನಿ."